ಗುಂಪಿನ ಹೆಸರಿನಲ್ಲಿ ತಪ್ಪಿಸಿಕೊಂಡವರು

1984ರ ಅಕ್ಟೋಬರ್ 31ರ ಸಂಜೆ ದೆಹಲಿಯ ಏಮ್ಸ್ ಆಸ್ಪತ್ರೆಯ ಬಳಿ ರಾಷ್ಟ್ರಪತಿಯವರ ಕಾರುಗಳ ಮೇಲೆ ಕಲ್ಲು ಬಿದ್ದವು. ಬಂದಿದ್ದವರು ಗ್ಯಾನಿ ಜೈಲ್ ಸಿಂಗ್. ವಿದೇಶ ಪ್ರವಾಸದಲ್ಲಿದ್ದವರು ಪ್ರಧಾನಿಗೆ ಗುಂಡು ಬಿದ್ದ ಸುದ್ದಿ ಕೇಳಿ ವಾಪಸು ಬಂದು ಆಸ್ಪತ್ರೆಗೆ ಧಾವಿಸಿದ್ದರು. ಎರಡು ವರ್ಷದ ಹಿಂದೆ ಅವರನ್ನು ಆ ಹುದ್ದೆಗೆ ತಂದವರು ಇಂದಿರಾ ಗಾಂಧಿಯವರೇ. ಇಂದಿರಾ ಬಗ್ಗೆ ಜೈಲ್ ಸಿಂಗ್ ಅವರಿಗಿದ್ದ ನಿಷ್ಠೆ ಇಡೀ ದೇಶಕ್ಕೆ ಗೊತ್ತಿತ್ತು. ಕಲ್ಲು ಹಿಡಿದವರಿಗೆ ಅದ್ಯಾವುದೂ ಬೇಕಿರಲಿಲ್ಲ. ಅವರಿಗೆ ಕಂಡದ್ದು ತಲೆಯ ಮೇಲಿನ ಪೇಟ.

ಆ ಬೆಳಿಗ್ಗೆ ಸಫ್ದರ್‌ಜಂಗ್ ರಸ್ತೆಯ ಮನೆಯಲ್ಲಿ ಗುಂಡು ಹಾರಿಸಿದವರು ಇಬ್ಬರು ಅಂಗರಕ್ಷಕರು, ಬಿಯಂತ್ ಸಿಂಗ್ ಮತ್ತು ಸತ್ವಂತ್ ಸಿಂಗ್. ಇಬ್ಬರೂ ಸ್ಥಳದಲ್ಲೇ ಸಿಕ್ಕಿಬಿದ್ದರು. ಬಿಯಂತ್ ಅಲ್ಲಿಯೇ ಭದ್ರತಾ ಸಿಬ್ಬಂದಿಯ ಗುಂಡಿಗೆ ಸತ್ತ. ಸತ್ವಂತ್ ಸಿಂಗ್‌ನನ್ನೂ ಸಂಚಿನಲ್ಲಿ ಅಪರಾಧಿ ಎಂದು ತೀರ್ಪಾದ ಕೇಹರ್ ಸಿಂಗ್‌ನನ್ನೂ 1989ರ ಜನವರಿಯಲ್ಲಿ ಗಲ್ಲಿಗೇರಿಸಲಾಯಿತು. ಯಾರು ಮಾಡಿದರು, ಯಾರ ಜೊತೆ ಸೇರಿ ಮಾಡಿದರು ಎಂದು ನ್ಯಾಯಾಲಯ ಕೇಳಿತು. ಬೀದಿ ಕೇಳಿದ್ದು ಬೇರೆಯದೇ ಪ್ರಶ್ನೆ: ಅವರು ಯಾವ ಜನ? ಆ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ದೆಹಲಿಯೊಂದರಲ್ಲೇ ಕೊಲೆಯಾದ ಸಿಖ್ಖರ ಸಂಖ್ಯೆ, ಸರ್ಕಾರಿ ಲೆಕ್ಕದಲ್ಲೇ, 2,733.

ನಲವತ್ತು ವರ್ಷ ಕಳೆದರೂ ಈ ಘಟನೆಯನ್ನು ಮತ್ತೆ ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ಒಬ್ಬನ ತಪ್ಪಿಗೆ ಅವನ ಧರ್ಮದವರೆಲ್ಲ ಉತ್ತರ ಕೊಡಬೇಕು ಎಂಬ ಮಾತು ಈಗ ನಮ್ಮ ದಿನದ ಮಾತುಕತೆಯೊಳಗೇ ಸೇರಿಹೋಗಿದೆ. ಎಲ್ಲೋ ಒಂದು ಬಾಂಬ್ ಸಿಡಿದರೆ, ಎಲ್ಲೋ ಒಂದು ಹುಡುಗಿಯ ಕೊಲೆಯಾದರೆ, ಆರೋಪಿಯ ಹೆಸರು ಗೊತ್ತಾದ ಕೂಡಲೇ ಆ ಹೆಸರಿನ ಹಿಂದಿನ ಜಾತಿ, ಧರ್ಮ ಚರ್ಚೆಗೆ ಬರುತ್ತವೆ. ಅವನು ಮಾಡಿದ ಕೆಲಸ ಹಿಂದೆ ಸರಿಯುತ್ತದೆ. ಇದು ನಿರಪರಾಧಿಗಳಿಗೆ ಅನ್ಯಾಯ ಎಂದು ಎಲ್ಲರೂ ಹೇಳುತ್ತಾರೆ, ಅದು ಸರಿಯೂ ಹೌದು. ಅದಕ್ಕಿಂತ ಕಡಿಮೆ ಮಂದಿ ಹೇಳುವ ಇನ್ನೊಂದು ಮಾತಿದೆ, ಅದೇ ನನಗೆ ಮುಖ್ಯವಾಗಿ ಕಾಣುವುದು: ಅಪರಾಧವನ್ನು ಇಡೀ ಸಮುದಾಯದ ತಲೆಗೆ ಕಟ್ಟಿದಾಗ ಎಲ್ಲಕ್ಕಿಂತ ಮೊದಲು ತಪ್ಪಿಸಿಕೊಳ್ಳುವವನು ಅಪರಾಧಿ. 1984ರ ದೆಹಲಿ ಅದನ್ನು ಕಾಗದಪತ್ರದ ಸಮೇತ ತೋರಿಸಿಕೊಟ್ಟಿತು.

ಯಮುನೆಯ ಆಚೆ ತ್ರಿಲೋಕಪುರಿ. ತುರ್ತು ಪರಿಸ್ಥಿತಿಯ ಹೊತ್ತಿಗೆ ದೆಹಲಿಯ ಕೊಳೆಗೇರಿಗಳಿಂದ ಎಬ್ಬಿಸಿದವರಿಗೆ ಪುಟ್ಟ ಪುಟ್ಟ ನಿವೇಶನ ಕೊಟ್ಟು ಕೂರಿಸಿದ ಬಡಾವಣೆ. ಅದರ 32ನೇ ಬ್ಲಾಕಿನಲ್ಲಿದ್ದ ಸಿಖ್ಖರಲ್ಲಿ ಹೆಚ್ಚಿನವರು ಲಬಾನಾ ಪಂಗಡದ ಬಡವರು. ಮಂಚಕ್ಕೆ ಹಗ್ಗ ಹೆಣೆದು, ಕೂಲಿ ಮಾಡಿ, ರಿಕ್ಷಾ ಓಡಿಸಿ ಬದುಕುತ್ತಿದ್ದವರು. ಪಂಜಾಬಿನ ರಾಜಕೀಯಕ್ಕೂ ಅವರಿಗೂ ಬಹಳ ದೂರ. ತಲೆಯ ಮೇಲೊಂದು ಸೂರು ಸಿಕ್ಕಿದ್ದು ಇಂದಿರಾ ಕಾಲದಲ್ಲಿ ಎಂಬ ಋಣಕ್ಕೆ ಅವರ ಪಕ್ಷಕ್ಕೇ ವೋಟು ಹಾಕುತ್ತಿದ್ದವರು. ನವೆಂಬರ್ 1 ಮತ್ತು 2ರಂದು ಆ ಇಕ್ಕಟ್ಟಾದ ಗಲ್ಲಿಗಳಲ್ಲಿ ಗಂಡಸರನ್ನು, ಹುಡುಗರನ್ನು ಹೊರಗೆಳೆದು, ಹೊಡೆದು, ಸೀಮೆಎಣ್ಣೆ ಸುರಿದು ಸುಟ್ಟರು. ಸತ್ತವರ ಸಂಖ್ಯೆ ನೂರಾರು. ಒಂದೊಂದು ಮನೆಯಲ್ಲಿ ಗಂಡ, ಮಗ, ಮೈದುನ ಎಲ್ಲರೂ ಒಂದೇ ದಿನ ಹೋದರು. ಉಳಿದ ಹೆಂಗಸರಿಗೆ ಮುಂದೆ ಸರ್ಕಾರ ತಿಲಕ್ ವಿಹಾರದಲ್ಲಿ ಮನೆ ಕೊಟ್ಟಿತು. ಜನ ಅದನ್ನು ಇವತ್ತಿಗೂ ವಿಧವೆಯರ ಕಾಲೊನಿ ಎಂದೇ ಕರೆಯುತ್ತಾರೆ.

ಮನೆಗಳನ್ನು ಗುರುತಿಸಿದ್ದು ಹೇಗೆ? ಮತದಾರರ ಪಟ್ಟಿ, ಪಡಿತರ ಪಟ್ಟಿ ಹಿಡಿದುಕೊಂಡು ಬಂದಿದ್ದರು ಎಂದು ಬದುಕುಳಿದವರು ಆಯೋಗಗಳ ಮುಂದೆ ಪ್ರಮಾಣಪತ್ರ ಸಲ್ಲಿಸಿದರು. ಅಂದರೆ ಕೊಲ್ಲುವ ಕೆಲಸಕ್ಕೆ ಮನೆ ಮನೆಯ ಹೆಸರು ಬೇಕಾಗಿತ್ತು. ಕೇಸು ದಾಖಲಿಸುವ ಸಮಯ ಬಂದಾಗ ಮಾತ್ರ ಯಾರ ಹೆಸರೂ ಬೇಡವಾಯಿತು. ಕಲ್ಯಾಣಪುರಿ ಠಾಣೆಯಲ್ಲಿ ನೂರಾರು ಕೊಲೆ, ಲೂಟಿ, ಬೆಂಕಿ ಪ್ರಕರಣಗಳನ್ನು ಒಟ್ಟುಗೂಡಿಸಿ ಒಂದೇ ಎಫ್‌ಐಆರ್‌ಗೆ ತುಂಬಿದರು. ಎಲ್ಲಿ, ಎಷ್ಟು ಗಂಟೆಗೆ, ಯಾರು ಯಾರನ್ನು ಕೊಂದರು ಎಂಬ ವಿವರ ಇಲ್ಲ. ಉದ್ರಿಕ್ತ ಗುಂಪು ದಾಳಿ ಮಾಡಿತು, ಅಷ್ಟೇ. ಕ್ರಿಮಿನಲ್ ಕೋರ್ಟಿನ ಮೆಟ್ಟಿಲು ಹತ್ತಿದ ಯಾರಿಗಾದರೂ ಗೊತ್ತಿರುತ್ತದೆ, ಹೀಗೆ ಬರೆದ ಎಫ್‌ಐಆರ್ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಒಂದು ಕೊಲೆಗೆ ಒಬ್ಬ ಸಾಕ್ಷಿ, ಒಂದು ಸ್ಥಳ, ಒಬ್ಬ ಆರೋಪಿ ಎಂದು ಹೊಂದಿಸುವುದು ಅಸಾಧ್ಯವಾಗುತ್ತದೆ. ಸುಪ್ರೀಂ ಕೋರ್ಟ್ 2018ರಲ್ಲಿ ನೇಮಿಸಿದ, ನ್ಯಾಯಮೂರ್ತಿ ಎಸ್.ಎನ್. ಧಿಂಗ್ರಾ ಅವರ ವಿಶೇಷ ತನಿಖಾ ತಂಡವೂ ತನ್ನ ವರದಿಯಲ್ಲಿ ಇದನ್ನೇ ಎತ್ತಿ ಆಡಿತು.

ನವೆಂಬರ್ 19ರಂದು ದೆಹಲಿಯ ಬೋಟ್ ಕ್ಲಬ್ಬಿನ ಸಭೆಯಲ್ಲಿ ಹೊಸ ಪ್ರಧಾನಿ ರಾಜೀವ್ ಗಾಂಧಿ, ದೊಡ್ಡ ಮರ ಉರುಳಿದಾಗ ಭೂಮಿ ಸ್ವಲ್ಪ ನಡುಗುತ್ತದೆ ಎಂಬ ಅರ್ಥದ ಮಾತಾಡಿದರು. ತಾಯಿಯನ್ನು ಕಳೆದುಕೊಂಡ ಮಗನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಪ್ರಧಾನಿಯ ಬಾಯಲ್ಲಿ ಬಂದ ಆ ಮಾತು ಮಾಡಿದ ಕೆಲಸವನ್ನು ನೋಡಿ. ಇಬ್ಬರು ಮಾಡಿದ ಕೊಲೆ ಇಡೀ ಸಿಖ್ ಸಮುದಾಯದ ಅಪರಾಧವಾಯಿತು. ಸಾವಿರಾರು ಕೊಲೆಗಳು ಮಾತ್ರ ಯಾರ ಅಪರಾಧವೂ ಆಗದೆ ಭೂಮಿಯ ನಡುಕವಾದವು. ಈ ಎರಡೂ ಹುಟ್ಟುವುದು ಒಂದೇ ಯೋಚನೆಯಿಂದ. ಮನುಷ್ಯನನ್ನು ಮನುಷ್ಯನಾಗಿ ನೋಡದೆ ಗುಂಪಿನ ತುಣುಕಾಗಿ ನೋಡಿದರೆ ನಿರಪರಾಧಿಯೂ ಅದರಲ್ಲಿ ಕಳೆದುಹೋಗುತ್ತಾನೆ, ಕೊಲೆಗಾರನೂ ಅದರಲ್ಲಿ ಅಡಗಿಕೊಳ್ಳುತ್ತಾನೆ.

ಆ ತಿಂಗಳಲ್ಲೇ ಪಿಯುಡಿಆರ್ ಮತ್ತು ಪಿಯುಸಿಎಲ್ ಎಂಬ ಎರಡು ನಾಗರಿಕ ಹಕ್ಕುಗಳ ಸಂಘಟನೆಗಳು ಸಂತ್ರಸ್ತರ ಶಿಬಿರ, ಗಲ್ಲಿ ತಿರುಗಿ ಒಂದು ಚಿಕ್ಕ ವರದಿ ತಂದವು. ತಪ್ಪಿತಸ್ಥರು ಯಾರು ಎಂಬುದೇ ಅದರ ಶೀರ್ಷಿಕೆ. ಅದರಲ್ಲಿ ಸಂತ್ರಸ್ತರು ಹೇಳಿದ ರಾಜಕಾರಣಿಗಳ, ಪೊಲೀಸರ ಹೆಸರುಗಳಿದ್ದವು. ಹಿಂದೂಗಳು ಕೊಂದರು ಎಂದು ಅದು ಬರೆಯಲಿಲ್ಲ. ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಯವರು ಸಿಖ್ಖರನ್ನು ಬಚ್ಚಿಟ್ಟು ಕಾಪಾಡಿದ್ದನ್ನೂ ಅದು ದಾಖಲಿಸಿತು. ಸರ್ಕಾರದ ಆಯೋಗಗಳು ವರ್ಷಗಟ್ಟಲೆ ತೆಗೆದುಕೊಂಡ ಕೆಲಸದ ತಿರುಳನ್ನು ಸ್ವಂತ ಖರ್ಚಿನಲ್ಲಿ ಓಡಾಡಿದ ಕೆಲವರು ಕೆಲವೇ ವಾರಗಳಲ್ಲಿ ಮಾಡಿದ್ದರು, ಏಕೆಂದರೆ ಅವರು ಸರಿಯಾದ ಪ್ರಶ್ನೆಯಿಂದ ಶುರು ಮಾಡಿದ್ದರು.

ಇಲ್ಲಿ ಒಂದು ಕಠಿಣ ಪ್ರಶ್ನೆಯನ್ನು ಎದುರಿಸಲೇಬೇಕು. ಆ ಜೂನ್‌ನಲ್ಲಿ ಅಮೃತಸರದ ಸ್ವರ್ಣಮಂದಿರದೊಳಗೆ ಸೇನೆ ನುಗ್ಗಿದ ಮೇಲೆ, ಸಿಖ್ ಅಂಗರಕ್ಷಕರನ್ನು ದೂರ ಇಡಬೇಕೆಂಬ ಸಲಹೆ ಇಂದಿರಾ ಗಾಂಧಿಯವರ ಮುಂದೆ ಬಂದಿತ್ತು. ಅವರು ಒಪ್ಪಲಿಲ್ಲ. ಒಪ್ಪಿದ್ದರೆ ಬದುಕಿ ಉಳಿಯುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಆ ದಿನದ ಮಟ್ಟಿಗೆ ಉಳಿಯುತ್ತಿದ್ದರೇನೋ. ಆದರೆ ಅದೇ ಬ್ಲೂಸ್ಟಾರ್ ಕಾರ್ಯಾಚರಣೆಯ ನೇತೃತ್ವ ವಹಿಸಿದ್ದ ಮೇಜರ್ ಜನರಲ್ ಕುಲದೀಪ್ ಸಿಂಗ್ ಬ್ರಾರ್ ಸಿಖ್ಖರು. ಪೇಟದ ಲೆಕ್ಕ ಹಿಡಿದರೆ ಅವರನ್ನು ಯಾವ ಪಟ್ಟಿಗೆ ಸೇರಿಸಬೇಕಿತ್ತು? ಯಾವ ಸಿಪಾಯಿಯ ನಡತೆ ಬದಲಾಗಿದೆ, ರಜೆಯಲ್ಲಿ ಎಲ್ಲಿಗೆ ಹೋಗಿದ್ದ, ಯಾರನ್ನು ಭೇಟಿಯಾಗುತ್ತಿದ್ದಾನೆ ಎಂದು ಒಬ್ಬೊಬ್ಬರನ್ನೇ ಗಮನಿಸುವುದು ಬೇಹುಗಾರಿಕೆಯ ಕಸುಬು. ಅದು ಸೋತಿತು. ಆ ಸೋಲಿಗೆ ಹೊಣೆ ಹೊರಬೇಕಾದ ಅಧಿಕಾರಿಗಳು ಇದ್ದರು. ಒಂದು ಧರ್ಮವನ್ನೇ ಅನುಮಾನಿಸಬೇಕಿತ್ತು ಎನ್ನುವವರು ತಮಗರಿವಿಲ್ಲದೆಯೇ ಆ ಅಧಿಕಾರಿಗಳ ಪರ ವಾದಿಸುತ್ತಿರುತ್ತಾರೆ. ಇಂದಿರಾ ಅವರ ರಾಜಕೀಯದ ಎಷ್ಟೋ ನಡೆಗಳನ್ನು ನಾನು ಒಪ್ಪುವುದಿಲ್ಲ, ಆದರೆ ಆ ಒಂದು ನಿರಾಕರಣೆಯ ಮುಂದೆ ತಲೆ ಬಾಗುತ್ತೇನೆ.

ನಮ್ಮ ಬೀದರ್ ಕೂಡ ಇದರಿಂದ ಹೊರಗೆ ಉಳಿಯಲಿಲ್ಲ. ಗುರುನಾನಕರ ನೆನಪಿನ ಝರಿ ಇರುವ, ಖಾಲ್ಸಾದ ಮೊದಲ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಹುಟ್ಟಿದ ಊರು ಅದು. 1988ರ ಸೆಪ್ಟೆಂಬರ್‌ನಲ್ಲಿ, ಪಂಜಾಬಿನಲ್ಲಿ ಉಗ್ರರ ಹಾವಳಿ ಉಚ್ಛ್ರಾಯದಲ್ಲಿದ್ದಾಗ, ಅಲ್ಲಿ ಓದುತ್ತಿದ್ದ ಸಿಖ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೇಲೆ ಗುಂಪುಗಳು ದಾಳಿ ಮಾಡಿ ಕೆಲವರನ್ನು ಕೊಂದವು. ಪಂಜಾಬಿನ ಬಂದೂಕಿಗೂ ಬೀದರಿನ ಹಾಸ್ಟೆಲ್ಲಿನ ಹುಡುಗರಿಗೂ ಇದ್ದ ನಂಟು ಒಂದೇ, ಅದು ಅವರ ಗಡ್ಡ ಮತ್ತು ಪೇಟ. ಕರ್ನಾಟಕದಲ್ಲಿ ಈ ಘಟನೆಯನ್ನು ನೆನೆಯುವವರು ಬಹಳ ಕಡಿಮೆ. ನಮ್ಮ ಶಾಂತಿಯ ತೋಟದ ಬಗ್ಗೆ ಹೆಮ್ಮೆ ಪಡುವಾಗ ಇದನ್ನೂ ಮಕ್ಕಳಿಗೆ ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಧರ್ಮಗಳು ಈ ವಿಷಯದಲ್ಲಿ ಏನು ಹೇಳುತ್ತವೆ? ಆಶ್ಚರ್ಯವೆಂದರೆ ಹೆಚ್ಚುಕಡಿಮೆ ಎಲ್ಲವೂ ವ್ಯಕ್ತಿಯ ಪಕ್ಷದಲ್ಲೇ ಇವೆ. ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರುವುದಿಲ್ಲ ಎಂಬ ಬೋಧನೆ ಕುರಾನಿನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಬರುತ್ತದೆ. ಬೈಬಲ್ಲಿನಲ್ಲಿ ಅಪ್ಪಂದಿರ ಪಾಪ ಮೂರು ನಾಲ್ಕು ತಲೆಮಾರಿಗೆ ತಟ್ಟುತ್ತದೆ ಎಂಬ ಮಾತೂ ಇದೆ. ಆದರೆ ಯೆಹೆಜ್ಕೇಲನೆಂಬ ಪ್ರವಾದಿ ತನ್ನ ಗ್ರಂಥದ ಹದಿನೆಂಟನೆಯ ಅಧ್ಯಾಯದಲ್ಲಿ ಅದನ್ನು ನೇರವಾಗಿ ಅಲ್ಲಗಳೆದು, ಅಪ್ಪನ ಪಾಪ ಮಗನಿಗಿಲ್ಲ, ಮಗನದು ಅಪ್ಪನಿಗಿಲ್ಲ ಎಂದು ಸಾರುತ್ತಾನೆ. ನಮ್ಮ ಕರ್ಮಸಿದ್ಧಾಂತದ ಮೂಲವೇ ಮಾಡಿದವನಿಗೆ ಮಾಡಿದ್ದು ಎಂಬುದು. ವಾಲ್ಮೀಕಿ ರಾಮಾಯಣದಲ್ಲಿ ಇಲ್ಲದೆ ಆಮೇಲೆ ಆ ಋಷಿಯ ಹೆಸರಿಗೆ ಸೇರಿಕೊಂಡ ಕಥೆಯನ್ನು ನಾವೆಲ್ಲ ಅಜ್ಜಿಯ ಬಾಯಲ್ಲಿ ಕೇಳಿದ್ದೇವೆ. ದಾರಿಗಳ್ಳನೊಬ್ಬ ಮನೆಗೆ ಹೋಗಿ, ನಾನು ತಂದದ್ದನ್ನು ಉಣ್ಣುತ್ತೀರಲ್ಲ, ನನ್ನ ಪಾಪದಲ್ಲೂ ಪಾಲು ತೆಗೆದುಕೊಳ್ಳುತ್ತೀರಾ ಎಂದು ಹೆಂಡತಿ ಮಕ್ಕಳನ್ನು ಕೇಳುತ್ತಾನೆ. ಇಲ್ಲ ಎನ್ನುತ್ತಾರೆ ಅವರು. ಆ ಉತ್ತರದಿಂದಲೇ ಅವನ ಕಣ್ಣು ತೆರೆಯುತ್ತದೆ.

ಬೋಧನೆ ಹೀಗಿದ್ದರೂ ಆಚರಣೆ ಬೇರೆ ದಾರಿ ಹಿಡಿಯಿತು. ಅದರ ಅತಿ ದೀರ್ಘ ಉದಾಹರಣೆ ಯುರೋಪಿನ ಯಹೂದಿಗಳದು. ಏಸುವನ್ನು ಶಿಲುಬೆಗೇರಿಸಿದವರು ರೋಮನ್ ಸಿಪಾಯಿಗಳು, ಆಜ್ಞೆ ಕೊಟ್ಟವನು ರೋಮನ್ ಅಧಿಕಾರಿ ಪಿಲಾತ. ಆದರೂ ಮತ್ತಾಯನ ಸುವಾರ್ತೆಯಲ್ಲಿ, ಪಿಲಾತನೆದುರು ಕೂಗಾಡಿದ ಜನರ ಗುಂಪು ಆ ರಕ್ತದ ಹೊಣೆಯನ್ನು ತಮ್ಮ ಮೇಲೂ ತಮ್ಮ ಮಕ್ಕಳ ಮೇಲೂ ಎಳೆದುಕೊಂಡಿತು ಎಂದು ಬರುವ ಒಂದು ವಾಕ್ಯ ಶತಮಾನಗಳ ಕಾಲ ಕತ್ತಿಯಾಗಿ ಬಳಕೆಯಾಯಿತು. ಒಂದು ಅಂಗಳದಲ್ಲಿ ಒಂದು ಬೆಳಿಗ್ಗೆ ನೆರೆದಿದ್ದ ಕೆಲವರ ಕೂಗು, ಎಲ್ಲೆಲ್ಲೋ ಎಂದೆಂದೋ ಹುಟ್ಟುವ ಕೂಸುಗಳ ಪಾಲಿಗೆ ಶಾಪವಾಯಿತು. 1096ರಲ್ಲಿ ಮೊದಲ ಧರ್ಮಯುದ್ಧಕ್ಕೆ ಹೊರಟ ದಂಡುಗಳು ರೈನ್ ನದಿಯ ದಂಡೆಯ ವರ್ಮ್ಸ್, ಮೈನ್ಸ್ ಪಟ್ಟಣಗಳಲ್ಲಿ ಯಹೂದಿಗಳನ್ನು ಕೊಂದವು. 1349ರಲ್ಲಿ ಪ್ಲೇಗಿಗೆ ಅವರೇ ಕಾರಣ, ಬಾವಿಗೆ ವಿಷ ಹಾಕಿದ್ದಾರೆ ಎಂದು ಸ್ಟ್ರಾಸ್‌ಬರ್ಗ್‌ನಲ್ಲಿ ಸುಟ್ಟರು. ಯಹೂದಿಗಳೂ ಪ್ಲೇಗಿಗೆ ಸಾಯುತ್ತಿದ್ದಾರಲ್ಲ ಎಂದು ಆಗಿನ ಪೋಪ್ ಆರನೇ ಕ್ಲೆಮೆಂಟ್ ಕೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇದನ್ನು ತಿದ್ದಲು ಹೊರಟ ಒಬ್ಬ ಮುದುಕರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೆಸರು ಜೂಲ್ಸ್ ಐಸಾಕ್, ಫ್ರಾನ್ಸಿನ ಇತಿಹಾಸಕಾರರು. ಅವರು ಬರೆದ ಪಠ್ಯಪುಸ್ತಕ ಓದಿಯೇ ಅಲ್ಲಿನ ಎರಡು ಮೂರು ತಲೆಮಾರಿನ ಮಕ್ಕಳು ತಮ್ಮ ದೇಶದ ಇತಿಹಾಸ ಕಲಿತಿದ್ದರು. ಯಹೂದಿ ಎಂಬ ಕಾರಣಕ್ಕೆ ಯುದ್ಧಕಾಲದಲ್ಲಿ ಕೆಲಸದಿಂದ ತೆಗೆದರು. 1943ರಲ್ಲಿ ನಾಜಿಗಳು ಅವರ ಹೆಂಡತಿ ಮತ್ತು ಮಗಳನ್ನು ಹಿಡಿದೊಯ್ದಾಗ ಐಸಾಕ್ ಮನೆಯಲ್ಲಿ ಇರಲಿಲ್ಲ, ಹಾಗಾಗಿ ಉಳಿದರು. ಹೆಂಡತಿ, ಮಗಳು ಔಷ್‌ವಿಟ್ಜ್‌ನಿಂದ ಮರಳಲಿಲ್ಲ. ತಲೆಮರೆಸಿಕೊಂಡು ಬದುಕುತ್ತಿದ್ದ ಆ ದಿನಗಳಲ್ಲೇ ಅವರು ನಾಲ್ಕು ಸುವಾರ್ತೆಗಳನ್ನು ಸಾಲು ಸಾಲಾಗಿ ಓದಿ, ಚರ್ಚು ಯಹೂದಿಗಳ ಬಗ್ಗೆ ಕಲಿಸುತ್ತ ಬಂದದ್ದಕ್ಕೂ ಮೂಲದಲ್ಲಿ ಇರುವುದಕ್ಕೂ ಎಷ್ಟು ದೂರ ಎಂದು ಪುಸ್ತಕ ಬರೆಯುತ್ತಿದ್ದರು. 1948ರಲ್ಲಿ ಅದು ಪ್ರಕಟವಾಯಿತು.

1960ರ ಜೂನ್ 13ರಂದು, ಎಂಬತ್ತು ದಾಟಿದ ಐಸಾಕ್ ರೋಮಿಗೆ ಹೋಗಿ ಪೋಪ್ ಇಪ್ಪತ್ತಮೂರನೇ ಜಾನ್ ಅವರನ್ನು ಕಂಡರು. ಕೈಯಲ್ಲಿ ಕಡತ. ಅದರಲ್ಲಿ ಅವರು ಎತ್ತಿ ತೋರಿಸಿದ ಮುಖ್ಯ ಆಧಾರ ಚರ್ಚಿನದೇ ಹಳೆಯ ದಾಖಲೆ: ಹದಿನಾರನೇ ಶತಮಾನದ ಟ್ರೆಂಟ್ ಧರ್ಮೋಪದೇಶ. ಏಸುವಿನ ಸಾವಿಗೆ ಎಲ್ಲ ಪಾಪಿಗಳೂ, ಅದರಲ್ಲೂ ಕ್ರೈಸ್ತರೇ ಹೆಚ್ಚು ಹೊಣೆ ಎಂದು ಅದು ಕಲಿಸಿತ್ತು. ಹೆಂಡತಿ ಮಗಳನ್ನು ಕಳೆದುಕೊಂಡ ಮನುಷ್ಯ, ನೀವೆಲ್ಲ ಕೊಲೆಗಾರರು ಎಂದು ಹೇಳಲು ಹೋಗಲಿಲ್ಲ. ನಿಮ್ಮ ಬೋಧನೆಯಲ್ಲಿ ಇಂಥ ಸಾಲು, ಇಂಥ ಪ್ರಾರ್ಥನೆ ತಪ್ಪು, ತಿದ್ದಿ ಎಂದು ಕೇಳಿದರು. ಭರವಸೆ ಇಟ್ಟುಕೊಂಡು ಹೋಗಬಹುದೇ ಎಂದು ಹೊರಡುವಾಗ ಕೇಳಿದಾಗ, ಭರವಸೆಗಿಂತ ಹೆಚ್ಚಿನದಕ್ಕೆ ನಿಮಗೆ ಹಕ್ಕಿದೆ ಎಂದರಂತೆ ಪೋಪ್. ಅದೇ ವರ್ಷ ಕಾರ್ಡಿನಲ್ ಆಗಸ್ಟಿನ್ ಬೆಯ ಅವರಿಗೆ ಕರಡು ಸಿದ್ಧಪಡಿಸುವ ಕೆಲಸ ಒಪ್ಪಿಸಲಾಯಿತು. ಐದು ವರ್ಷದ ಎಳೆದಾಟದ ನಂತರ, 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ ‘ನೋಸ್ತ್ರಾ ಎತಾತೆ’ ಎಂಬ ಘೋಷಣೆಯನ್ನು ಅಂಗೀಕರಿಸಿತು. ಏಸುವಿನ ಸಾವನ್ನು ಆಗಿದ್ದ ಎಲ್ಲ ಯಹೂದಿಗಳ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ ಎಂದು ಅದು ಸಾರಿತು. ಪರವಾಗಿ 2,221 ಮತ, ವಿರುದ್ಧ 88. ಐಸಾಕ್ 1963ರಲ್ಲೇ ತೀರಿಕೊಂಡಿದ್ದರು.

ನನಗೆ ಇದರಲ್ಲಿ ಕಾಣುವ ದೊಡ್ಡ ಸಂಗತಿ ಅವರು ಕೇಳಿದ ರೀತಿ. ಕ್ರೈಸ್ತರ ಮೇಲೆ ಸಾಮೂಹಿಕ ಅಪರಾಧ ಹೊರಿಸಿ ಯಹೂದಿಗಳ ಮೇಲಿನ ಸಾಮೂಹಿಕ ಅಪರಾಧವನ್ನು ಅಳಿಸಲು ಅವರು ಯತ್ನಿಸಲಿಲ್ಲ. ಬೋಧನೆಗೆ ಅಧಿಕಾರವಿದ್ದವರ ಹತ್ತಿರ ಹೋಗಿ, ಅವರ ಕೈಯಲ್ಲಿದ್ದ ಕೆಲಸಕ್ಕೆ ಅವರನ್ನೇ ಹೊಣೆ ಮಾಡಿದರು.

ಇಲ್ಲಿಗೆ ಬಂದಾಗ ನಾವು ಎಚ್ಚರದಿಂದ ನಡೆಯಬೇಕು. ಸಮುದಾಯಕ್ಕೆ ಅಪರಾಧವಿಲ್ಲ ಎಂದ ಮಾತ್ರಕ್ಕೆ ಯಾವ ಜವಾಬ್ದಾರಿಯೂ ಇಲ್ಲವೆಂದು ಅರ್ಥವೇ? ನಾನು ಹಾಗೆ ಹೇಳಲಾರೆ. ಜರ್ಮನಿಯ ದಾರ್ಶನಿಕ ಕಾರ್ಲ್ ಯಾಸ್ಪರ್ಸ್ ಈ ಗಂಟನ್ನು ಬಿಡಿಸಿದಷ್ಟು ಚೆನ್ನಾಗಿ ಬೇರೆ ಯಾರೂ ಬಿಡಿಸಿಲ್ಲ. ಹೆಂಡತಿ ಯಹೂದಿಯಾದ್ದರಿಂದ ನಾಜಿಗಳು ಅವರನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿದ್ದರು. ಯುದ್ಧ ಮುಗಿದ ಮೇಲೆ 1945–46ರ ಚಳಿಗಾಲದಲ್ಲಿ ಹೈಡೆಲ್‌ಬರ್ಗ್‌ನಲ್ಲಿ, ಹಸಿದ, ಸೋತ, ಸಿಟ್ಟಾಗಿದ್ದ ಜರ್ಮನ್ ವಿದ್ಯಾರ್ಥಿಗಳ ಮುಂದೆ ಅವರು ಉಪನ್ಯಾಸ ಕೊಟ್ಟರು. ಅಪರಾಧ ಮಾಡಿದವನ ದೋಷ ಒಂದು. ಅದನ್ನು ವಿಚಾರಿಸುವುದು ಕೋರ್ಟು, ಅದು ವ್ಯಕ್ತಿಯದು ಮಾತ್ರ. ತಮ್ಮ ಹೆಸರಿನಲ್ಲಿ ಆಳಿದ ಸರ್ಕಾರದ ಕೃತ್ಯದ ಪರಿಣಾಮವನ್ನು ನಾಗರಿಕರೆಲ್ಲ ಹೊರಬೇಕಾದ ರಾಜಕೀಯ ಹೊಣೆ ಇನ್ನೊಂದು. ಗೊತ್ತಿದ್ದೂ ಸುಮ್ಮನಿದ್ದ ನೈತಿಕ ದೋಷ ಮೂರನೆಯದು. ಅದಕ್ಕೆ ನ್ಯಾಯಾಧೀಶ ಅವರವರ ಆತ್ಮಸಾಕ್ಷಿ. ಪಕ್ಕದವನು ಸತ್ತಾಗ ನಾನು ಬದುಕಿ ಉಳಿದೆನಲ್ಲ ಎಂಬ, ದೇವರ ಮುಂದಷ್ಟೇ ಇಡಬಹುದಾದ ಭಾರ ನಾಲ್ಕನೆಯದು. ಇಡೀ ಜನಾಂಗವೇ ಅಪರಾಧಿ ಎನ್ನುವುದು ಅರ್ಥಹೀನ ಎಂದು ಅವರು ಹೇಳಿದರು. ನಮಗೇನೂ ಸಂಬಂಧವಿಲ್ಲ ಎನ್ನಲು ಹೊರಟವರಿಗೂ ಅವರು ದಾರಿ ಬಿಡಲಿಲ್ಲ.

ಈ ವಿಂಗಡಣೆಯನ್ನು ಹಿಡಿದು ನೋಡಿದರೆ ನಮ್ಮ ಸುತ್ತಿನ ಎಷ್ಟೋ ಸಂಗತಿಗಳು ತಿಳಿಯಾಗುತ್ತವೆ. 2002ರಲ್ಲಿ ಬಾಸ್ಟನ್ನಿನಲ್ಲಿ, ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಪಾದ್ರಿಗಳನ್ನು ಪೊಲೀಸರಿಗೆ ಒಪ್ಪಿಸದೆ ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗ ಮಾಡುತ್ತ ಬಂದದ್ದು ಬಯಲಾಯಿತು. ಭಾನುವಾರ ಪ್ರಾರ್ಥನೆಗೆ ಬರುತ್ತಿದ್ದ ಕ್ಯಾಥೋಲಿಕ್ ತಾಯಿ ಅದಕ್ಕೆ ಅಪರಾಧಿಯಲ್ಲ. ಬಹಳ ಸಲ ಅವಳ ಮಗುವೇ ಬಲಿಯಾಗಿತ್ತು. ಆದರೆ ವರ್ಗಾವಣೆಯ ಆದೇಶಕ್ಕೆ ಸಹಿ ಹಾಕಿದ ಕೈಗಳು ಇದ್ದವು. ಅಲ್ಲಿನ ಕಾರ್ಡಿನಲ್ ಬರ್ನಾರ್ಡ್ ಲಾ ಆ ವರ್ಷದ ಡಿಸೆಂಬರ್‌ನಲ್ಲಿ ಬಾಸ್ಟನ್ನಿನ ಹುದ್ದೆ ಬಿಡಬೇಕಾಯಿತು. ಮಠ, ಮಸೀದಿ, ಚರ್ಚು, ಜಾತಿ ಸಂಘ ಯಾವುದೇ ಇರಲಿ, ಹಣ, ಹುದ್ದೆ, ಬೋಧನೆಯ ಅಧಿಕಾರ ಇರುವಲ್ಲಿ ಹೊಣೆಯೂ ಇದೆ. ಆ ದಾರಿಗಳ್ಳನ ಮನೆಯವರನ್ನೇ ನೋಡಿ: ತಿಳಿಯದೆ ಉಂಡಷ್ಟು ದಿನ ಅವರಿಗೆ ಪಾಪವಿಲ್ಲ ಎಂದು ಒಪ್ಪೋಣ. ಹೇಗೆ ತಂದದ್ದು ಎಂದು ತಿಳಿದ ಮೇಲೂ ಉಂಡರೆ, ಮರುದಿನವೂ ಕೈ ಚಾಚಿದರೆ, ಲೆಕ್ಕ ಬೇರೆಯಾಗುತ್ತದೆ.

2005ರ ಆಗಸ್ಟ್ 11ರಂದು ರಾಜ್ಯಸಭೆಯಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗ್ 1984ರ ಹತ್ಯೆಗಳಿಗಾಗಿ ಸಿಖ್ಖರ ಮುಂದೆ ಮಾತ್ರವಲ್ಲ, ಇಡೀ ದೇಶದ ಮುಂದೆ ಕ್ಷಮೆ ಕೇಳಿದರು. ಸ್ವತಃ ಸಿಖ್ಖರಾದವರು ಸಿಖ್ಖರ ಕೊಲೆಗೆ ಕ್ಷಮೆ ಕೇಳುವುದೇ ಎಂದು ಹಲವರಿಗೆ ವಿಚಿತ್ರವೆನಿಸಿತು. ಅವರು ಕ್ಷಮೆ ಕೇಳಿದ್ದು ಹುಟ್ಟಿನಿಂದಲ್ಲ, ಹುದ್ದೆಯಿಂದ. ರಕ್ಷಿಸಬೇಕಿದ್ದ ಸರ್ಕಾರ ರಕ್ಷಿಸಲಿಲ್ಲ. ಆ ಕುರ್ಚಿಯಲ್ಲಿ ಈಗ ಕೂತವರು ಅದರ ಸಾಲವನ್ನೂ ಹೊತ್ತಿದ್ದಾರೆ. ಸಾಮೂಹಿಕ ಹೊಣೆ ಎಂದರೆ ಏನು ಎಂಬುದಕ್ಕೆ ನಮ್ಮ ಸಂಸತ್ತಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಪಾಠ ನಡೆದದ್ದು ನನಗೆ ಕಾಣದು.

ನಮ್ಮ ನೆಲದ ಇನ್ನೊಂದು ಘಟನೆ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಮಗ ಪ್ರೀತಿಸಿದ ಹುಡುಗಿಯ ಜೊತೆ ಊರು ಬಿಟ್ಟನೆಂದು ಅವನ ತಾಯಿಯನ್ನು ಮನೆಯಿಂದ ಎಳೆದು ತಂದು, ಬಟ್ಟೆ ಕಿತ್ತು, ವಿದ್ಯುತ್ ಕಂಬಕ್ಕೆ ಕಟ್ಟಿ ಹೊಡೆದರು. ಪ್ರೀತಿಸಿದ್ದು ಮಗ, ಅದು ಅಪರಾಧವೂ ಅಲ್ಲ, ಶಿಕ್ಷೆ ತಾಯಿಗೆ. ಹತ್ತಾರು ಜನ ನೋಡುತ್ತ ನಿಂತಿದ್ದರು. ಬಿಡಿಸಲು ಬಂದವನು ಒಬ್ಬ; ಅವನಿಗೂ ಏಟು ಬಿತ್ತು. ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡು, ಹೊಡೆದವರ ಜೊತೆಗೆ ನೋಡುತ್ತ ನಿಂತವರ ಹೊಣೆಯ ಪ್ರಶ್ನೆಯನ್ನೂ ಎತ್ತಿತು. ಬ್ರಿಟಿಷರ ಕಾಲದಲ್ಲಿ ಊರಿಗೆ ಊರೇ ತೆರಬೇಕಾಗಿದ್ದ ಪುಂಡುಗಂದಾಯದ ಮಾತೂ ವಿಚಾರಣೆಯಲ್ಲಿ ಬಂತು.

ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಇದು ವಿರುದ್ಧವಲ್ಲವೇ? ಬ್ರಿಟಿಷರ ಪುಂಡುಗಂದಾಯ ಖಂಡಿತ ವಿರುದ್ಧ. ಚಳವಳಿ ನಡೆದ ಊರಿನ ಮುದುಕಿಯೂ ಅದಕ್ಕೆ ಕಾಸು ತೆರಬೇಕಿತ್ತು. ಆದರೆ ನಮ್ಮ ಕಾನೂನಿನಲ್ಲೇ ಇದರ ಬೇರೆ ರೂಪ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಅಸ್ಪೃಶ್ಯತೆಯ ವಿರುದ್ಧದ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 10ಎ ಕಲಮು ಒಂದು ಪ್ರದೇಶದ ನಿವಾಸಿಗಳ ಮೇಲೆ ಸಾಮೂಹಿಕ ದಂಡ ಹಾಕಲು ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ; ದೌರ್ಜನ್ಯ ತಡೆ ಕಾಯ್ದೆಗೂ ಅದು ಅನ್ವಯಿಸುತ್ತದೆ. ಆದರೆ ಆ ಊರಿನವರು ಎಂಬ ಕಾರಣ ಸಾಲದು. ಅಪರಾಧಕ್ಕೆ ಕುಮ್ಮಕ್ಕು ಕೊಟ್ಟಿರಬೇಕು, ಅಪರಾಧಿಗೆ ಆಶ್ರಯ ಕೊಟ್ಟಿರಬೇಕು, ಅವನನ್ನು ಹಿಡಿಯಲು ನೆರವಾಗದೆ ಇರಬೇಕು, ಇಲ್ಲವೇ ಸಾಕ್ಷ್ಯ ಮುಚ್ಚಿಟ್ಟಿರಬೇಕು. ವಿಚಾರಣೆ ಆಗಬೇಕು, ದಂಡವನ್ನು ಹಂಚಬೇಕು, ವಿನಾಯಿತಿ ಕೊಡಲೂ ಅವಕಾಶ ಇರಬೇಕು. ಬಿಡಿಸಲು ಹೋಗಿ ಏಟು ತಿಂದವನ ಮೇಲೆ ಒಂದು ಪೈಸೆ ದಂಡ ಬಿದ್ದರೂ ಅದು ಅನ್ಯಾಯ. ಕೆಲಸ ನೋಡಿ ಹಾಕುವ ದಂಡಕ್ಕೂ ಕುಲ ನೋಡಿ ಹಾಕುವ ದಂಡಕ್ಕೂ ಇರುವ ವ್ಯತ್ಯಾಸ ಇದು.

ಇದೇ ಅಳತೆಗೋಲನ್ನು ದಿನದ ಬದುಕಿಗೆ ತಂದು ನೋಡೋಣ. ಎಲ್ಲೋ ಸ್ಫೋಟವಾದಾಗ ನಮ್ಮ ಆಫೀಸಿನ ಮುಸ್ಲಿಂ ಸಹೋದ್ಯೋಗಿ ಅದನ್ನು ಖಂಡಿಸಿದನೋ ಇಲ್ಲವೋ ಎಂದು ಕಾಯುತ್ತ ಕೂರುವುದು ನನಗೆ ಕ್ರೂರವಾಗಿ ಕಾಣುತ್ತದೆ. ಅವನಿಗೆ ಆ ಬಾಂಬಿನ ಜೊತೆ ನಂಟು ಕಟ್ಟಿದವರು ನಾವು. ಬೇರೆ ದೇಶದಲ್ಲಿ ಹಿಂದೂ ಒಬ್ಬ ಮಾಡಿದ ವಂಚನೆಗೆ ಅಲ್ಲಿನ ನಮ್ಮ ಹುಡುಗಿಯನ್ನು ಯಾರಾದರೂ ಹೀಗೆ ನೋಡಿದರೆ ನಮ್ಮ ರಕ್ತ ಕುದಿಯುತ್ತದೆ. ದ್ವೇಷದ ಭಾಷಣ ಮಾಡಿದ ಮುಲ್ಲಾನನ್ನು, ಅದಕ್ಕೆ ವೇದಿಕೆ ಕಟ್ಟಿಕೊಟ್ಟ ಸಮಿತಿಯನ್ನು ಪ್ರಶ್ನಿಸುವುದು ಬೇರೆ. ಮೆರವಣಿಗೆಯಲ್ಲಿ ಕತ್ತಿ ಹಂಚಿದ ಸಂಘಟಕನನ್ನು, ಅವನನ್ನು ಹಾರ ಹಾಕಿ ಸ್ವಾಗತಿಸಿದ ಸ್ವಾಮಿಯನ್ನು ಪ್ರಶ್ನಿಸುವುದೂ ಅದೇ ತೂಕದ ಕರ್ತವ್ಯ. ಅವರು ಮಾಡಿದ್ದಕ್ಕೆ ಹೆಸರಿದೆ, ದಿನಾಂಕವಿದೆ, ವಿಡಿಯೊ ಇದೆ.

1948ರ ಜನವರಿ 30ರಂದು ಗಾಂಧೀಜಿಯವರನ್ನು ಕೊಂದವನು ಹಿಂದೂ ಎಂಬುದನ್ನು ರೇಡಿಯೊದಲ್ಲಿ ಬೇಗನೆ ತಿಳಿಸಿ ಎಷ್ಟೋ ಮುಸ್ಲಿಮರ ಪ್ರಾಣ ಉಳಿಸಿದರು. ಆದರೆ ಕೊಲೆಗಾರನ ಜಾತಿ ತಿಳಿಯುತ್ತಲೇ ಪುಣೆ, ಸಾತಾರಾ, ಕೊಲ್ಹಾಪುರದ ಕಡೆ ಚಿತ್ಪಾವನ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು. ಅಹಿಂಸೆಗಾಗಿಯೇ ಬದುಕಿದವರ ಹೆಸರಿನಲ್ಲಿ. ಯಾವ ಧರ್ಮವೂ, ಯಾವ ಜಾತಿಯೂ ಈ ಬೆಂಕಿಯಿಂದ ಹೊರಗಿಲ್ಲ. ಸರದಿ ಬರುವುದಷ್ಟೇ ತಡ.

ತ್ರಿಲೋಕಪುರಿಯಂಥ ಪ್ರಕರಣಗಳಲ್ಲಿ ಏನು ಕಳೆದುಕೊಂಡೆವು ಎಂಬುದನ್ನು ಇನ್ನೊಂದು ಪ್ರಕರಣ ತೋರಿಸುತ್ತದೆ. ಪಾಲಮ್ ಬಡಾವಣೆಯ ರಾಜ್‌ನಗರದಲ್ಲಿ ಐವರು ಸಿಖ್ಖರ ಕೊಲೆಯಾಗಿತ್ತು. ಸತ್ತವರ ಮನೆಯ ಹೆಂಗಸು ಕಣ್ಣಾರೆ ಕಂಡದ್ದನ್ನು ಮೂರು ದಶಕ ಬಿಡದೆ ಹೇಳಿದರು, ಹೆಸರು ಹಿಡಿದೇ ಹೇಳಿದರು. ಕೆಳಗಿನ ಕೋರ್ಟು 2013ರಲ್ಲಿ ಕಾಂಗ್ರೆಸ್ ನಾಯಕ ಸಜ್ಜನ್ ಕುಮಾರ್ ಅವರನ್ನು ಬಿಡುಗಡೆ ಮಾಡಿತ್ತು. 2018ರ ಡಿಸೆಂಬರ್ 17ರಂದು ದೆಹಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 2025ರ ಫೆಬ್ರುವರಿಯಲ್ಲಿ ತಂದೆ ಮಗನ ಕೊಲೆಯ ಮತ್ತೊಂದು ಪ್ರಕರಣದಲ್ಲೂ ಅವರಿಗೆ ಜೀವಾವಧಿ ಆಯಿತು. ಎರಡೂ ತೀರ್ಪು ಸಾಧ್ಯವಾದದ್ದು ಇಂಥ ದಿನ, ಇಂಥ ಜಾಗ, ಇಂಥವನು ಎಂದು ಹೇಳಬಲ್ಲ ಸಾಕ್ಷಿಗಳು ಉಳಿದಿದ್ದರಿಂದ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನಲ್ಲಿ ಈಗ ಹೊಸ ಉಪಕಲಮು ಇದೆ. ಐವರು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ, ವೈಯಕ್ತಿಕ ನಂಬಿಕೆಯಂಥ ಕಾರಣಕ್ಕೆ ಕೊಲೆ ಮಾಡಿದರೆ ಗುಂಪಿನಲ್ಲಿದ್ದ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ. ಕಾನೂನು ಪ್ರತಿಯೊಬ್ಬನನ್ನೂ ಕೇಳುತ್ತಿದೆ. ಆ ಪ್ರತಿಯೊಬ್ಬನ ಹೆಸರು ಬರೆಯಬೇಕಾದ್ದು ಠಾಣೆಯ ಮೇಜಿನ ಮೇಲೆ, ಮೊದಲ ದಿನವೇ, ಒಂದೊಂದು ಕೊಲೆಗೆ ಒಂದೊಂದು ಎಫ್‌ಐಆರ್‌ನಲ್ಲಿ.